ಡಿಗ್ರಿ ಮುಗಿದಿದೆ, ಧೈರ್ಯ ಸಾಲುತ್ತಿಲ್ಲ: ಕೊಡಗಿನ ಹೊಸ ಪದವೀಧರರಿಗೆ ಕೆಲಸ ಹುಡುಕುವ ದಾರಿ

ಡಿಗ್ರಿ ಮುಗಿಸಿ ಊರಿಗೆ ಬಂದ ಮೇಲೆ ಮೊದಲ ಕೆಲವು ವಾರ ಏನೂ ಅನ್ನಿಸುವುದಿಲ್ಲ. ರಿಸಲ್ಟ್ ಬರಲಿ, ಮಳೆ ಕಡಿಮೆಯಾಗಲಿ, ಹುತ್ತರಿ ಹಬ್ಬ ಕಳೆಯಲಿ ಅಂತ ದಿನ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಜೊತೆಗೆ ಓದಿದ ಒಬ್ಬರು ಬೆಂಗಳೂರು ಸೇರಿರುತ್ತಾರೆ, ಇನ್ನೊಬ್ಬರು ಎಂ.ಕಾಂ.ಗೆ ಹೋಗಿರುತ್ತಾರೆ. ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ಈಗ ಏನ್ ಮಾಡ್ತಿದ್ದೀಯ?" ಎಂದು ಕೇಳಲು ಶುರು ಮಾಡುತ್ತಾರೆ. ಆ ಪ್ರಶ್ನೆಗೆ ಹೆದರಿ ಹೊರಗೆ ಬರುವುದನ್ನೇ ಕಡಿಮೆ ಮಾಡಿದ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳಿಂದ ನಾನು ಅರ್ಜಿ ನೋಡುವ, ಸಂದರ್ಶನ ಮಾಡುವ ಕಡೆ ಕೂತಿದ್ದೇನೆ. ಈಗಷ್ಟೇ ಕಾಲೇಜು ಮುಗಿಸಿದವರಿಗೆ ಅನುಭವ ಇರುವುದಿಲ್ಲ ಎಂದು ನಮಗೂ ಗೊತ್ತು. ಅದೊಂದೇ ಕಾರಣಕ್ಕೆ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಅವಕಾಶ ಕಳೆದುಕೊಳ್ಳುವವರು ಎರಡು ಥರದವರು. ಅರ್ಜಿಯನ್ನೇ ಹಾಕದವರು, ಮತ್ತೆ ತಮಗೆ ಬರುವುದನ್ನು ಬಾಯಿಬಿಟ್ಟು ಹೇಳದವರು.

ಹಾಗಾಗಿ ಧೈರ್ಯ ಬಂದ ಮೇಲೆ ನೋಡೋಣ ಅಂತ ಕಾಯಬೇಡಿ. ಮನೆಯಲ್ಲಿ ಕೂತಷ್ಟೂ ಇರುವ ಧೈರ್ಯವೂ ಕಡಿಮೆಯಾಗುತ್ತದೆ. ಹೆದರಿಕೆ ಇದ್ದರೂ ಮಾಡಿ ಮುಗಿಸಬಹುದಾದಷ್ಟು ಚಿಕ್ಕ ಚಿಕ್ಕ ಕೆಲಸಗಳಾಗಿ ಇದನ್ನು ಒಡೆದುಕೊಳ್ಳಿ. ನಾನು ಹೇಳುವ ಕ್ರಮ ಇದು.

ಮೊದಲು, ಇಲ್ಲಿಯವರೆಗೆ ಮಾಡಿದ್ದನ್ನೆಲ್ಲ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಸ್‌ಎಸ್‌ಎಲ್‌ಸಿಯಿಂದ ಇವತ್ತಿನವರೆಗೆ ನೀವು ಮಾಡಿದ ಕೆಲಸಗಳನ್ನು ಬರೆಯುತ್ತಾ ಹೋಗಿ. ಸಂಬಳ ಸಿಕ್ಕಿದ್ದು ಮಾತ್ರ ಅಲ್ಲ, ಎಲ್ಲವೂ. ಎನ್‌ಎಸ್‌ಎಸ್ ಕ್ಯಾಂಪು, ಎನ್‌ಸಿಸಿ ಸರ್ಟಿಫಿಕೇಟು, ಪಕ್ಕದ ಮನೆ ಮಕ್ಕಳಿಗೆ ಹೇಳಿಕೊಟ್ಟ ಟ್ಯೂಷನ್, ಅಮ್ಮನ ಸ್ವಸಹಾಯ ಸಂಘದ ಪುಸ್ತಕ ಬರೆದಿದ್ದು, ಚಿಕ್ಕಪ್ಪನ ಹೋಂಸ್ಟೇಯಲ್ಲಿ ರಜೆಗೆ ಬಂದವರನ್ನು ನೋಡಿಕೊಂಡಿದ್ದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಇವತ್ತು ನೂರಾರು ತಂಡಗಳು ಆಡುವಷ್ಟು ದೊಡ್ಡದಾಗಿದೆ. ನಿಮ್ಮ ಕುಟುಂಬ ಅದನ್ನು ನಡೆಸಿದ ವರ್ಷ ನೀವು ತಂಡಗಳ ಹೆಸರು ಬರೆದುಕೊಂಡಿದ್ದರೆ, ಊಟದ ಕೂಪನ್ ನೋಡಿಕೊಂಡಿದ್ದರೆ ಅದೂ ಪಟ್ಟಿಗೆ ಬರಬೇಕು.

"ಇದೆಲ್ಲ ಅನುಭವ ಅಂತಾರಾ?" ಎಂದು ಕೇಳುತ್ತೀರಿ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ.

ರೊಬಸ್ಟ ಕಾಫಿ ಕುಯ್ಲಿನ ಸಮಯ. ಸಂಜೆ ಒಬ್ಬೊಬ್ಬರ ಚೀಲ ತಕ್ಕಡಿಗೆ ಬರುತ್ತದೆ. ಹೆಸರಿನ ಮುಂದೆ ಕೆ.ಜಿ. ಬರೆಯಬೇಕು. ಚೀಲದ ತೂಕ ಕಳೆಯಬೇಕು. ಎಲೆ, ಕಡ್ಡಿ, ಹಸಿರು ಕಾಯಿ ಜಾಸ್ತಿ ಇದ್ದರೆ ಹೇಳಬೇಕು; ಹೇಳಿದರೆ ಮಾತು ಬೆಳೆಯುತ್ತದೆ, ಅದನ್ನೂ ಸಮಾಧಾನ ಮಾಡಬೇಕು. ವಾರದ ಕೊನೆಗೆ ಕೊಟ್ಟ ಅಡ್ವಾನ್ಸ್ ಹಿಡಿದು ಬಟವಾಡೆ ಮಾಡಬೇಕು. ಲೆಕ್ಕ ತಪ್ಪಿದರೆ ಮರುವಾರ ಆಳು ಬರುವುದಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತದೆ. ಈ ಪುಸ್ತಕವನ್ನು ಎರಡು ವರ್ಷ ಬರೆದ ಬಿ.ಕಾಂ. ಹುಡುಗಿಯೊಬ್ಬಳು ತನ್ನ ಅರ್ಜಿಯಲ್ಲಿ ಹೀಗೆ ಬರೆಯುತ್ತಾಳೆ ಅಂದುಕೊಳ್ಳಿ:

"ಅನುಭವ: ಇಲ್ಲ. ಹವ್ಯಾಸ: ಓದುವುದು, ಹಾಡು ಕೇಳುವುದು."

ಅದೇ ಹುಡುಗಿ ಹೀಗೆ ಬರೆದರೆ:

"ಮನೆಯ ಕಾಫಿ ತೋಟ, ಎರಡು ಕುಯ್ಲಿನ ಸೀಸನ್. ದಿನಕ್ಕೆ ಸುಮಾರು 15 ಜನರ ತೂಕದ ಲೆಕ್ಕ, ಮುಂಗಡದ ಪುಸ್ತಕ, ವಾರದ ಬಟವಾಡೆ. ಎರಡನೇ ವರ್ಷ ಪೂರ್ತಿ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿದ್ದು."

ಎರಡನ್ನೂ ಬರೆದವಳು ಒಬ್ಬಳೇ. ಆದರೆ ಎರಡನೆಯದನ್ನು ಓದಿದ ಆಡಿಟರ್ ಆಫೀಸಿನವರು, ಎಸ್ಟೇಟ್ ಆಫೀಸಿನವರು, ರೆಸಾರ್ಟಿನ ಸ್ಟೋರ್ ನೋಡಿಕೊಳ್ಳುವವರು ಫೋನ್ ಎತ್ತಿಕೊಳ್ಳುತ್ತಾರೆ. ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ನೀವೂ ಸುಳ್ಳು ಸೇರಿಸಬೇಡಿ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಹೊರಗೆ ಬರುತ್ತದೆ. ಎಷ್ಟು ಜನ, ಎಷ್ಟು ದಿನ, ಏನು ಬದಲಾಯಿತು ಎಂಬುದನ್ನು ಇದ್ದ ಹಾಗೆ ಬರೆದರೆ ಸಾಕು.

ತೋಟ ಇಲ್ಲದ ಮನೆಯವರಿಗೂ ಇದೇ ಮಾತು. ಅವರಿಗೆ ಇದನ್ನು ಇನ್ನೂ ಒತ್ತಿ ಹೇಳುತ್ತೇನೆ. ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆಯಲ್ಲಿ) ಬೆಳೆದು, ಮನೆತನದಲ್ಲೇ ಮೊದಲು ಡಿಗ್ರಿ ಮಾಡಿದ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅಪ್ಪ ಅಮ್ಮನ ಬ್ಯಾಂಕ್ ಪುಸ್ತಕ, ಪಿ.ಎಫ್., ಪಡಿತರ ಚೀಟಿ, ಆಸ್ಪತ್ರೆ ಕಾಗದ ಎಲ್ಲದಕ್ಕೂ ಓಡಾಡಿದವರು ಅವರೇ. ರಜೆಯಲ್ಲಿ ಹಣ್ಣು ಕುಯ್ದು ಕಾಲೇಜು ಫೀಸ್ ಕಟ್ಟಿದವರೂ ಇದ್ದಾರೆ. ಇದನ್ನೆಲ್ಲ ನಾಚಿಕೆಯಿಂದ ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ದುಡಿದು ಓದಿದವರು ಅಂದರೆ ಅರ್ಜಿ ನೋಡುವವರಿಗೆ ಗೌರವ ಹುಟ್ಟುತ್ತದೆ.

ಭಾಷೆಗಳನ್ನೂ ಬರೆಯಿರಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಸ್ವಲ್ಪ ಹಿಂದಿ, ಇಂಗ್ಲಿಷ್. ನಮ್ಮಲ್ಲಿ ಮೂರು ನಾಲ್ಕು ಭಾಷೆ ಮಾತಾಡುವುದು ಸಾಮಾನ್ಯ, ಅದಕ್ಕೇ ಅದರ ಬೆಲೆ ನಮಗೆ ಗೊತ್ತಾಗುವುದಿಲ್ಲ. ಗ್ರಾಹಕರ ಜೊತೆ ಮಾತಾಡುವ ಯಾವ ಕೆಲಸಕ್ಕೂ, ಬೆಂಗಳೂರಿನ ಕಾಲ್ ಸೆಂಟರಿಗೂ, ಕನ್ನಡ ಮಲಯಾಳಂ ಎರಡೂ ಬರುವವರು ಬೇಕು.

ಈ ಪಟ್ಟಿಯಿಂದ ಒಂದು ಪುಟದ ರೆಸ್ಯೂಮೆ ಮಾಡಿ. ಎರಡು ಪುಟ ಬೇಡ. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರಿಡಿ. ಕಾಲೇಜಿನಲ್ಲಿ ತಮಾಷೆಗೆ ಮಾಡಿಕೊಂಡ ಇಮೇಲ್ ಐಡಿ ಬಿಟ್ಟು ಹೆಸರಿನದ್ದೇ ಒಂದು ಮಾಡಿಕೊಳ್ಳಿ.

ಕಾಗದ ಪತ್ರ

ಇದು ಬೇಜಾರಿನ ಕೆಲಸ, ಆದರೂ ಈಗಲೇ ಮುಗಿಸಿ. ಅಂಕಪಟ್ಟಿಗಳು, ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ), ಟಿಸಿ, ಆಧಾರ್, ಪ್ಯಾನ್ ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಕಡೆ ಇಡಿ, ಡಿಜಿಲಾಕರ್ ಖಾತೆ ತೆರೆಯಿರಿ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಜೆರಾಕ್ಸ್ ಅಂಗಡಿ ಮುಚ್ಚಿದ್ದಾಗ ಇದರ ಉಪಯೋಗ ಗೊತ್ತಾಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಬೇಕಾಗುವವರು ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಕೊಡಿ, ಕೊನೆಯ ದಿನಾಂಕದ ಹಿಂದಿನ ದಿನ ಓಡಬೇಡಿ.

ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಮನೆತನದ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಆಗಿ, ಆಧಾರಿನಲ್ಲಿ ಪೂರ್ತಿಯಾಗಿ, ಪ್ಯಾನಿನಲ್ಲಿ ಹಿಂದೆ ಮುಂದೆ ಆಗಿ ಇರುತ್ತದೆ. ಕೆಲಸ ಸಿಕ್ಕಿದ ಮೇಲೆ ಪಿ.ಎಫ್. ಖಾತೆ ಮಾಡುವಾಗ ಇದು ತಲೆನೋವು ಕೊಡುತ್ತದೆ. ಎಲ್ಲವನ್ನೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದಿಸಿಕೊಳ್ಳುವುದು ಸುಲಭದ ದಾರಿ.

ಎಲ್ಲಿ ಕೇಳಬೇಕು, ಯಾವ ತಿಂಗಳು ಕೇಳಬೇಕು

ಕೊಡಗಿನಲ್ಲಿ ಕೆಲಸ ಇಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ದೊಡ್ಡ ಕಂಪನಿಗಳಿಲ್ಲ, ರೈಲೇ ಇಲ್ಲ, ಅದು ಸರಿ. ಆದರೆ ಇಲ್ಲಿಯ ಕೆಲಸಗಳು ಸೀಸನ್ ನೋಡಿಕೊಂಡು ಹುಟ್ಟುತ್ತವೆ. ಸೀಸನ್ ಶುರುವಾದ ಮೇಲೆ ಹೋದರೆ ಜಾಗ ತುಂಬಿರುತ್ತದೆ. ಒಂದು ತಿಂಗಳು ಮೊದಲು ಹೋಗಬೇಕು.

ರೆಸಾರ್ಟು, ಹೋಟೆಲುಗಳಿಗೆ ಮಡಿಕೇರಿ ದಸರಾದಿಂದ ಹೊಸ ವರ್ಷದವರೆಗೆ ಜನ ಜಾಸ್ತಿ, ಮತ್ತೆ ಏಪ್ರಿಲ್, ಮೇ. ಆದ್ದರಿಂದ ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಕೇಳಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿರಲೇಬೇಕು ಅಂತ ಇಲ್ಲ. ಫ್ರಂಟ್ ಆಫೀಸ್, ಬುಕಿಂಗ್, ಲೆಕ್ಕಪತ್ರ, ಸ್ಟೋರ್, ಅತಿಥಿಗಳನ್ನು ತೋಟ ಸುತ್ತಿಸುವುದು, ಇವಕ್ಕೆ ಬಿ.ಎ., ಬಿ.ಕಾಂ., ಬಿ.ಬಿ.ಎ. ಮಾಡಿದವರನ್ನು ತೆಗೆದುಕೊಂಡು ಕಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮಾತಾಡಲು ಹೆದರುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ಇಲ್ಲ. ದಿನಕ್ಕೆ ಇಪ್ಪತ್ತು ಸಲ "ಪ್ರಯಾಣ ಹೇಗಿತ್ತು ಸರ್?" ಎಂದು ಕೇಳಿ ಕೇಳಿ ನಾಲಿಗೆ ಸಡಿಲವಾಗುತ್ತದೆ. ಇಂಗ್ಲಿಷ್, ಹಿಂದಿ ಎರಡೂ ಹಾಗೇ ಬಂದುಬಿಡುತ್ತವೆ.

ಕಾಫಿಯನ್ನು ತೋಟ ಇರುವವರ ವಿಷಯ ಅಂತ ಬಿಟ್ಟುಬಿಡುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತದೆ, ಅದರ ಸುತ್ತ ಓದಿದವರ ಕೆಲಸ ಎಷ್ಟಿದೆ ನೋಡಿ. ಅರೇಬಿಕ ಕುಯ್ಲು ನವೆಂಬರ್ ಹೊತ್ತಿಗೆ ಶುರು, ರೊಬಸ್ಟ ಜನವರಿಯಿಂದ ಮಾರ್ಚ್‌ವರೆಗೆ. ಆ ತಿಂಗಳುಗಳಲ್ಲಿ ಎಸ್ಟೇಟುಗಳಿಗೆ ರೈಟರ್‌ಗೆ (ಎಸ್ಟೇಟಿನ ಲೆಕ್ಕ ಬರೆಯುವವರಿಗೆ) ಸಹಾಯಕರು, ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಕಂಪ್ಯೂಟರಿಗೆ ಹಾಕುವವರು ಬೇಕು. ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ತೇವಾಂಶ ನೋಡುವುದು, ಔಟ್‌ಟರ್ನ್ (ಒಣ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ತೆಗೆಯುವುದು, ಗ್ರೇಡ್ ಲೆಕ್ಕ ಇಡುವುದು ಇರುತ್ತದೆ. ಯುರೋಪ್ ಒಕ್ಕೂಟ 2023ರಲ್ಲಿ ಕಾಡುನಾಶದ ವಿರುದ್ಧ ಒಂದು ನಿಯಮ ತಂದಿತು. ಜಾರಿ ಮುಂದೆ ಹೋಗಿದೆ, ಆದರೆ ರಫ್ತಾಗುವ ಕಾಫಿ ಯಾವ ಜಾಗದಲ್ಲಿ ಬೆಳೆದದ್ದು ಎಂಬ ನಕ್ಷೆ, ದಾಖಲೆ ಕೇಳುವುದು ಶುರುವಾಗಿದೆ. ಅರವತ್ತು ದಾಟಿದ ಬೆಳೆಗಾರರಿಗೆ ಮೊಬೈಲಿನಲ್ಲಿ ಇದನ್ನು ಮಾಡಿಕೊಡುವ ಜನ ಬೇಕು. ಊರಿನ ನಾಲ್ಕು ತೋಟಗಳಿಗೆ ಈ ಕೆಲಸ ಮಾಡಿಕೊಟ್ಟರೆ ಅದೇ ನಿಮ್ಮ ಅನುಭವ.

ಬಿ.ಎಸ್ಸಿ. ಮಾಡಿದವರು ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾ ಬಗ್ಗೆ ವಿಚಾರಿಸಿ. ಅದು ಒಂದು ವರ್ಷದ ಕೋರ್ಸ್. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಲ್ಲೇ ಇರುವ ತೋಟಗಾರಿಕೆ ಪ್ರಯೋಗ ಕೇಂದ್ರ, ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಇವುಗಳಲ್ಲಿ ಯೋಜನೆಗಳು ಬಂದಾಗ ತಾತ್ಕಾಲಿಕ ಸಹಾಯಕರನ್ನು ತೆಗೆದುಕೊಳ್ಳುವುದುಂಟು. ಅವರ ಪ್ರಕಟಣೆ ಗಮನಿಸುತ್ತಾ ಇರಿ. ತಾತ್ಕಾಲಿಕ ಅಂತ ಮೂಗು ಮುರಿಯಬೇಡಿ, ಸಂಶೋಧನಾ ಕೇಂದ್ರದಲ್ಲಿ ಕಳೆದ ಆರು ತಿಂಗಳು ಮುಂದಿನ ಅರ್ಜಿಯಲ್ಲಿ ಮೇಲೆ ನಿಲ್ಲುತ್ತದೆ.

ಬಿ.ಕಾಂ.ನವರಿಗೆ ನಾನು ಮೊದಲು ಹೇಳುವುದು ಆಡಿಟರ್ ಆಫೀಸು. ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿ, ಕುಶಾಲನಗರ ಎಲ್ಲ ಕಡೆ ಇವೆ. ಸಂಬಳ ಶುರುವಿನಲ್ಲಿ ಕಡಿಮೆ, ನಿಜ. ಆದರೆ ಜಿಎಸ್‌ಟಿ, ಆದಾಯ ತೆರಿಗೆ, ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್ ಮೂರನ್ನೂ ನಿಜವಾದ ಬಿಲ್ಲುಗಳ ಮೇಲೆ ಕಲಿಯುತ್ತೀರಿ. ಒಂದು ವರ್ಷ ಕೂತವರನ್ನು ಮೈಸೂರಿನಲ್ಲಿ ಕರೆದು ಕೆಲಸ ಕೊಡುತ್ತಾರೆ. ಏಪ್ರಿಲ್‌ನಲ್ಲಿ ಕೇಳಿದರೆ ಒಳ್ಳೆಯದು, ರಿಟರ್ನ್ ತುಂಬುವ ಗಡಿಬಿಡಿಗೆ ಅವರಿಗೂ ಕೈ ಬೇಕಿರುತ್ತದೆ. ಖಾಸಗಿ ಶಾಲೆಗಳು ಏಪ್ರಿಲ್, ಮೇ ತಿಂಗಳಲ್ಲೇ ಜನ ನೋಡುತ್ತವೆ. ಸಹಕಾರ ಸಂಘಗಳು, ಡಿಸಿಸಿ ಬ್ಯಾಂಕ್ ನೇಮಕಾತಿ ಪ್ರಕಟಣೆ ಬಂದಾಗ ಮಾತ್ರ. ಅದಕ್ಕೆ ಸ್ಥಳೀಯ ಪೇಪರ್ ನೋಡುವ ಅಭ್ಯಾಸ ಬೇಕು. "ಬೇಕಾಗಿದ್ದಾರೆ" ಎಂಬ ನಾಲ್ಕು ಸಾಲಿನ ಜಾಹೀರಾತು 'ಶಕ್ತಿ' ಪತ್ರಿಕೆಯಲ್ಲಿ ಬರುತ್ತದೆ, ಅದು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ.

ಹೊರಗೆ ಹೋಗುವುದಾದರೆ ಮೊದಲು ಮೈಸೂರು ನೋಡಿ. ಮಡಿಕೇರಿಯಿಂದ ಸುಮಾರು 120 ಕಿ.ಮೀ., ಬೆಳಿಗ್ಗೆ ಹೋಗಿ ಸಂದರ್ಶನ ಮುಗಿಸಿ ರಾತ್ರಿ ಮನೆ ಸೇರಬಹುದು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ, ಹತ್ತುವ ಮೊದಲು ನೋಡಿಕೊಳ್ಳಿ.

ಸರ್ಕಾರಿ ಪರೀಕ್ಷೆಗೆ ಓದುವವರಿಗೆ ಒಂದು ಮಾತು. ಓದಿ, ಖಂಡಿತ ಓದಿ. ಆದರೆ ನೋಟಿಫಿಕೇಶನ್ ಯಾವಾಗ ಬರುತ್ತದೋ, ಪರೀಕ್ಷೆ ಯಾವಾಗ ನಡೆಯುತ್ತದೋ ನಿಮ್ಮ ಕೈಯಲ್ಲಿಲ್ಲ. ಬರೀ ಅದನ್ನೇ ನಂಬಿ ಮೂರ್ನಾಲ್ಕು ವರ್ಷ ಮನೆಯಲ್ಲಿ ಕೂತವರ ಆತ್ಮವಿಶ್ವಾಸ ಕುಸಿಯುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಅರ್ಧ ದಿನದ್ದಾದರೂ ಒಂದು ಕೆಲಸ ಹಿಡಿದು, ಬೆಳಿಗ್ಗೆ ರಾತ್ರಿ ಓದಿ.

ಫೋನ್ ಮಾಡುವುದು

ಹೆಚ್ಚಿನವರು ನಿಲ್ಲುವುದು ಇಲ್ಲೇ. ನಂಬರ್ ಇರುತ್ತದೆ, ಕೈ ನಡುಗುತ್ತದೆ. "ಏನಂದುಕೊಳ್ಳುತ್ತಾರೋ" ಎಂದು ಫೋನ್ ಕೆಳಗಿಡುತ್ತೀರಿ.

ಮೊದಲ ಫೋನ್ ಕೆಲಸ ಕೇಳಲು ಮಾಡಬೇಡಿ, ವಿಷಯ ಕೇಳಲು ಮಾಡಿ. ನಿಮ್ಮ ಕಾಲೇಜಿನಲ್ಲಿ ಎರಡು ವರ್ಷ ಮುಂದೆ ಓದಿದ ಅಕ್ಕನೋ ಅಣ್ಣನೋ ಎಲ್ಲಿದ್ದಾರೆ ನೋಡಿ. "ಅಕ್ಕಾ, ನಿಮ್ಮ ಆಫೀಸಲ್ಲಿ ಹೊಸಬರಿಗೆ ಏನು ಕೆಲಸ ಕೊಡ್ತಾರೆ? ಸೇರೋಕೆ ಮುಂಚೆ ನಾನು ಏನು ಕಲಿತಿದ್ರೆ ಒಳ್ಳೇದು?" ಇಷ್ಟು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಜಾಗ ಖಾಲಿಯಾದಾಗ ಅವರಿಗೆ ಮೊದಲು ನೆನಪಾಗುವುದು ಹೀಗೆ ಕೇಳಿದವರೇ.

ಇದಾದ ಮೇಲೆ ಕೆಲಸ ಕೊಡುವವರಿಗೆ. ಏನು ಹೇಳಬೇಕು ಅಂತ ಕಾಗದದಲ್ಲಿ ಬರೆದು ಮುಂದೆ ಇಟ್ಟುಕೊಳ್ಳಿ. ನಿಂತುಕೊಂಡು ಮಾತಾಡಿ, ಸ್ವರ ಗಟ್ಟಿಯಾಗಿ ಬರುತ್ತದೆ. ಒಂದು ರೆಸಾರ್ಟಿಗೆ ಮಾಡಿದ ಫೋನ್ ಹೀಗಿರಬಹುದು:

"ನಮಸ್ತೆ ಮೇಡಂ. ನಾನು ಸುಂಟಿಕೊಪ್ಪದಿಂದ ಮಾತಾಡ್ತಿದ್ದೀನಿ, ಈ ವರ್ಷ ಬಿ.ಎ. ಮುಗಿಸಿದೆ. ಫ್ರಂಟ್ ಆಫೀಸಿಗೆ ಹೊಸಬರನ್ನ ತಗೊಳ್ತೀರಾ ಅಂತ ಕೇಳೋಣ ಅಂತ ಮಾಡಿದೆ. ಎರಡು ನಿಮಿಷ ಮಾತಾಡಬಹುದಾ?"

"ಈಗ ಯಾವುದೂ ಖಾಲಿ ಇಲ್ಲಮ್ಮ."

"ಸರಿ ಮೇಡಂ. ದಸರಾ ಸೀಸನ್‌ಗೆ ತಗೊಳ್ಳೋದಾದ್ರೆ ನಾನು ಯಾವಾಗ ಕೇಳಲಿ? ರೆಸ್ಯೂಮೆ ಯಾವ ಮೇಲ್‌ಗೆ ಕಳಿಸಲಿ?"

ಕೊನೆಯ ಆ ಎರಡು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. "ಇಲ್ಲ" ಅಂದ ಕೂಡಲೇ ಥ್ಯಾಂಕ್ಸ್ ಹೇಳಿ ಇಟ್ಟುಬಿಡುವವರೇ ಜಾಸ್ತಿ. ನೀವು ತಿಂಗಳು ಕೇಳಿ, ಮೇಲ್ ಕೇಳಿ, ಅವತ್ತೇ ರೆಸ್ಯೂಮೆ ಕಳಿಸಿ, ಅವರು ಹೇಳಿದ ವಾರ ಮತ್ತೆ ಫೋನ್ ಮಾಡಿದರೆ ನಿಮ್ಮ ಹೆಸರು ಅವರಿಗೆ ಗೊತ್ತಿರುತ್ತದೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಯಾರಿಗೆ, ಯಾವ ದಿನ, ಏನಂದರು ಎಂದು ಬರೆದಿಡಿ. ತೀರಾ ಬೇಕು ಅನ್ನಿಸುವ ಜಾಗಕ್ಕೆ ಮೊದಲು ಮಾಡಬೇಡಿ. ಸಿಕ್ಕದಿದ್ದರೂ ಪರವಾಗಿಲ್ಲ ಅನ್ನುವ ಕಡೆ ಐದಾರು ಮಾಡಿ ನಾಲಿಗೆ ಪಳಗಲಿ.

ಸಾಧ್ಯವಿದ್ದರೆ ನೇರವಾಗಿ ಹೋಗಿ. ನಮ್ಮಂಥ ಚಿಕ್ಕ ಪೇಟೆಗಳಲ್ಲಿ ಮೇಲ್‌ಗಿಂತ ಮುಖ ನೋಡಿದ್ದು ಕೆಲಸ ಮಾಡುತ್ತದೆ. ಒಗೆದ ಬಟ್ಟೆ, ಕೈಯಲ್ಲಿ ಒಂದು ಫೋಲ್ಡರ್, ಊಟದ ಹೊತ್ತು ಬಿಟ್ಟು ಬೆಳಿಗ್ಗೆ ಹನ್ನೊಂದರ ಸುಮಾರಿಗೆ.

ಸಂದರ್ಶನ

ಅಭ್ಯಾಸ ಮಾಡದೆ ಹೋಗಬೇಡಿ. ಕನ್ನಡಿ ಮುಂದೆ ಮಾಡಿದ್ದು ಅಷ್ಟು ಸಾಕಾಗುವುದಿಲ್ಲ, ಎದುರಿಗೆ ಒಬ್ಬ ಮನುಷ್ಯ ಬೇಕು. ಕೊಡಗಿನಲ್ಲಿ ನಮಗೊಂದು ಅನುಕೂಲ ಇದೆ. ಸೇನೆಯಿಂದ ನಿವೃತ್ತರಾದವರು ಇಲ್ಲದ ಊರು ಇಲ್ಲಿ ಕಡಿಮೆ. ಹತ್ತಿರದ ಅಂಥ ಒಬ್ಬ ಅಂಕಲ್ ಹತ್ತಿರ ಹೋಗಿ, "ಅಂಕಲ್, ನನಗೆ ಅರ್ಧ ಗಂಟೆ ಇಂಟರ್‌ವ್ಯೂ ಥರ ಪ್ರಶ್ನೆ ಕೇಳ್ತೀರಾ?" ಎಂದು ಕೇಳಿ. ಖುಷಿಯಿಂದ ಮಾಡುತ್ತಾರೆ. ಕೂರುವ ರೀತಿ, ಕಣ್ಣಿಟ್ಟು ಮಾತಾಡುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು, ಇವನ್ನು ಅವರಿಗಿಂತ ಚೆನ್ನಾಗಿ ತಿದ್ದುವವರು ಸಿಗುವುದು ಕಷ್ಟ.

"ನಿಮ್ಮ ಬಗ್ಗೆ ಹೇಳಿ" ಅಂದರೆ ಹುಟ್ಟಿದ ಊರು, ಅಪ್ಪನ ಕೆಲಸದಿಂದ ಶುರು ಮಾಡಬೇಡಿ. ಏನು ಓದಿದಿರಿ, ಮಾಡಿದ ಒಂದು ಕೆಲಸ, ಇಲ್ಲಿಗೆ ಯಾಕೆ ಬಂದಿರಿ, ಇಷ್ಟನ್ನು ಒಂದು ನಿಮಿಷದಲ್ಲಿ ಹೇಳಿ. "ಡಿಗ್ರಿ ಮುಗಿದು ಒಂದು ವರ್ಷ ಆಯ್ತಲ್ಲ, ಏನು ಮಾಡ್ತಿದ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಅಜ್ಜಿಗೆ ಹುಷಾರಿರಲಿಲ್ಲ, ಮನೆಯಲ್ಲಿ ನಾನೇ ನೋಡಿಕೊಂಡೆ ಅಂದರೆ ಅದು ಸಾಕಾದ ಉತ್ತರ. ಕೆಲಸ ಸಿಗಲಿಲ್ಲ ಅನ್ನುವುದೂ ಉತ್ತರವೇ, ಆದರೆ ಅದರ ಜೊತೆ "ಮೂರು ತಿಂಗಳಿಂದ ಟ್ಯಾಲಿ ಕಲೀತಿದ್ದೀನಿ" ಎಂಬ ಇನ್ನೊಂದು ವಾಕ್ಯ ಇರಲಿ. ಅದಕ್ಕಾಗಿಯೇ ಈಗಲೇ ಏನಾದರೊಂದು ಕಲಿಯಲು ಶುರು ಮಾಡಿ. ಸ್ವಯಂ, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಎಂಬ ಎರಡು ಆನ್‌ಲೈನ್ ತಾಣಗಳಲ್ಲೂ ಉಚಿತ ಕೋರ್ಸುಗಳಿವೆ. ಹತ್ತು ಕೋರ್ಸ್ ಅರ್ಧ ಮಾಡುವ ಬದಲು ಒಂದು ಮುಗಿಸಿ.

ಇಂಗ್ಲಿಷ್ ತಡವರಿಸಿದರೆ "ಸರ್, ಇದನ್ನ ಕನ್ನಡದಲ್ಲಿ ಹೇಳಬಹುದಾ?" ಎಂದು ಕೇಳಿ. ತಲೆ ತಗ್ಗಿಸಿ ಸುಮ್ನೆ ಕೂರುವುದಕ್ಕಿಂತ ಸಾವಿರ ಪಾಲು ಒಳ್ಳೆಯದು.

ನಮ್ಮ ಕಡೆ ಕೇಳುವ ಇನ್ನೊಂದು ಪ್ರಶ್ನೆ, "ಮನೆ ದೂರ, ಹೇಗೆ ಬರ್ತೀರಿ?" ಇದಕ್ಕೆ ಉತ್ತರ ಮೊದಲೇ ಇರಲಿ. ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ತಿಳಿದುಕೊಂಡು ಹೋಗಿ. ಶಿಫ್ಟ್ ರಾತ್ರಿ ಹತ್ತಕ್ಕೆ ಮುಗಿಯುವುದಾದರೆ ಬಿಡುವ ವ್ಯವಸ್ಥೆ ಇದೆಯಾ, ಉಳಿಯಲು ಕೋಣೆ ಕೊಡುತ್ತಾರಾ ಎಂದು ನೀವೇ ಕೇಳಿ. ಕಾಡುದಾರಿಯಲ್ಲಿ ಆನೆ ಓಡಾಡುವ ಕಡೆ ಇದು ಸಣ್ಣ ವಿಷಯ ಅಲ್ಲ, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಆನ್‌ಲೈನ್ ಸಂದರ್ಶನ ಇದ್ದರೆ ಮನೆಯ ನೆಟ್‌ವರ್ಕ್ ನಂಬಬೇಡಿ. ಹಿಂದಿನ ದಿನವೇ ಪೇಟೆಯಲ್ಲಿರುವ ನೆಂಟರ ಮನೆಗೆ ಹೋಗಿ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು. "ಇಲ್ಲಿ ಮಳೆ ಜೋರು, ಲೈನ್ ಕಟ್ಟಾದರೆ ಈ ನಂಬರಿಗೆ ಫೋನ್ ಮಾಡಿ" ಎಂದು ಮೊದಲೇ ಮೆಸೇಜ್ ಹಾಕಿಡಿ.

ಸರ್ಕಾರದಿಂದ ಸಿಗುವ ಸಹಾಯ

ಮಡಿಕೇರಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ, ಕೇಂದ್ರದ ಎನ್‌ಸಿಎಸ್ (ನ್ಯಾಷನಲ್ ಕೆರಿಯರ್ ಸರ್ವಿಸ್) ಪೋರ್ಟಲಿನಲ್ಲಿ, ರಾಜ್ಯದ ಸ್ಕಿಲ್ ಕನೆಕ್ಟ್‌ನಲ್ಲಿ ಹೆಸರು ನೋಂದಾಯಿಸಿ. ಮೂರೂ ಉಚಿತ. ಉದ್ಯೋಗ ಮೇಳ ಆದಾಗ ಗೊತ್ತಾಗುತ್ತದೆ.

ಅನುಭವ ಇಲ್ಲ ಎಂಬ ಕೊರತೆಗೆ ನೇರವಾದ ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಪದವೀಧರರೂ ಬರುತ್ತಾರೆ. ಒಂದು ವರ್ಷ ಕೆಲಸ ಕಲಿಯುತ್ತೀರಿ, ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ, ಅದರಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರವೇ ಕೊಡುತ್ತದೆ. ಕೊನೆಗೆ ಸರ್ಟಿಫಿಕೇಟ್ ಸಿಗುತ್ತದೆ. ಎನ್‌ಎಟಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲಿನಲ್ಲಿ ನೋಂದಣಿ. ಬ್ಯಾಂಕುಗಳು, ಸಾರ್ವಜನಿಕ ಉದ್ದಿಮೆಗಳು ಆಗಾಗ ಕರೆಯುತ್ತವೆ. ನಮ್ಮ ಮಕ್ಕಳು ಇದನ್ನು ಉಪಯೋಗಿಸಿಕೊಳ್ಳುವುದು ತೀರಾ ಕಡಿಮೆ ಅನ್ನುವುದು ನನ್ನ ಕೊರಗು.

ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಇದೆ. ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500, ಕೆಲಸ ಸಿಗುವವರೆಗೆ ಅಥವಾ ಹೆಚ್ಚೆಂದರೆ ಎರಡು ವರ್ಷ. ಸೇವಾಸಿಂಧುವಿನಲ್ಲಿ ಅರ್ಜಿ. ಮುಂದೆ ಓದುತ್ತಿರುವವರಿಗೆ ಬರುವುದಿಲ್ಲ. ಇದನ್ನು ಪಡೆಯಲು ನಾಚಿಕೆ ಬೇಡ. ಬಸ್ ಚಾರ್ಜು, ಕೋರ್ಸು, ಒಂದು ಜೊತೆ ಒಳ್ಳೆ ಬಟ್ಟೆಗೆ ಅಂತಲೇ ಎತ್ತಿಡಿ.

ಮೋಸ

ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ರಿಜಿಸ್ಟ್ರೇಶನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಯಾವ ಹೆಸರಲ್ಲಿ ಕೇಳಿದರೂ ಅಲ್ಲಿಗೇ ನಿಲ್ಲಿಸಿ. ಮನೆಯಲ್ಲೇ ಕೂತು ಡೇಟಾ ಎಂಟ್ರಿ, ವಿಡಿಯೋ ಲೈಕ್ ಮಾಡಿದರೆ ದುಡ್ಡು ಅನ್ನುವುದೂ ಇದೇ ಜಾತಿ. ಮೂಲ ಅಂಕಪಟ್ಟಿಯನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ, ತೋರಿಸಿ ವಾಪಸ್ ತೆಗೆದುಕೊಳ್ಳಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಉತ್ತರ ಬಾರದ ದಿನಗಳು

ಅರ್ಜಿ ಹಾಕಿದ ಕಡೆಯಿಂದ ಉತ್ತರವೇ ಬರದಿರುವುದು ಎಲ್ಲಕ್ಕಿಂತ ಜಾಸ್ತಿ ನೋಯಿಸುತ್ತದೆ. ನಿಮ್ಮಲ್ಲಿ ಏನೋ ಕೊರತೆ ಇದೆ ಅನ್ನಿಸಲು ಶುರುವಾಗುತ್ತದೆ. ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ, ಎಷ್ಟೋ ಸಲ ಅರ್ಜಿಯನ್ನು ಯಾರೂ ತೆರೆದಿರುವುದೇ ಇಲ್ಲ. ಜಾಗ ತುಂಬಿರುತ್ತದೆ, ಅಥವಾ ನೋಡಬೇಕಾದವರು ರಜೆಯಲ್ಲಿರುತ್ತಾರೆ. ಒಂದು ವಾರ ಬಿಟ್ಟು ಕೇಳಿ. ಆಗಲೂ ಇಲ್ಲ ಅಂದರೆ ಮುಂದಿನದಕ್ಕೆ ಹೋಗಿ.

ಮನೆಯವರ ಜೊತೆ ಮಾತಾಡಿ. ಅಪ್ಪ ಅಮ್ಮನಿಗೆ ನೀವು ಸುಮ್ನೆ ಮೊಬೈಲ್ ನೋಡುತ್ತಿರುವ ಹಾಗೆ ಕಾಣುತ್ತದೆ. ನೋಟ್‌ಬುಕ್ ತೋರಿಸಿ, "ಈ ವಾರ ಇಷ್ಟು ಕಡೆ ಕೇಳಿದೆ" ಎಂದರೆ ಬೈಗುಳ ಅರ್ಧ ಕಡಿಮೆಯಾಗುತ್ತದೆ. ವಾರದಲ್ಲಿ ಮೂರು ದಿನವಾದರೂ ಬೆಳಿಗ್ಗೆ ಎದ್ದು ಬಟ್ಟೆ ಬದಲಾಯಿಸಿ ಪೇಟೆಗೆ ಹೋಗಿ, ಲೈಬ್ರರಿಯಲ್ಲಿ ಕೂತರೂ ಸರಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾರ ಮುಖವೂ ಬೇಡ ಅನ್ನಿಸುವ ಮಟ್ಟಕ್ಕೆ ಹೋಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲ ಕೆಲಸ ಸಿಕ್ಕಾಗ

ಸಂಬಳ, ಕೆಲಸದ ಹೊತ್ತು, ವಾರದ ರಜೆ ಬರೆದಿರುವ ಕಾಗದ ಕೇಳಿ. ಚಿಕ್ಕ ಜಾಗದಲ್ಲಿ ಕಾಗದ ಕೊಡದಿದ್ದರೆ ಒಂದು ವಾಟ್ಸ್ಆ್ಯಪ್ ಮೆಸೇಜಾದರೂ ಇರಲಿ. ಬಾಂಡ್ ಅಂದರೆ ಸಹಿ ಹಾಕುವ ಮೊದಲು ಮನೆಗೆ ತಂದು ಓದಿ. ಮೊದಲ ತಿಂಗಳು ಎಲ್ಲವೂ ಹೊಸದು, ಹೇಳಿದ್ದು ಮರೆತುಹೋಗುತ್ತದೆ. ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡು ಬರೆದುಕೊಳ್ಳಿ. ಒಂದೇ ವಿಷಯವನ್ನು ಎರಡು ಸಲ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕೇಳದೆ ತಪ್ಪು ಮಾಡಿದರೆ ಅಂದುಕೊಳ್ಳುತ್ತಾರೆ.

ಒಂದೇ ಸೀಸನ್‌ನ ಕೆಲಸವಾದರೂ ಬಿಡುವಾಗ ಅನುಭವ ಪತ್ರ ಕೇಳಿ ಪಡೆಯಿರಿ. ಲೆಟರ್‌ಹೆಡ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಸಹಿ, ಸೀಲು ಇರಲಿ. ಅವತ್ತೇ ಸ್ಕ್ಯಾನ್ ಮಾಡಿ ಉಳಿದ ಕಾಗದಗಳ ಜೊತೆ ಸೇರಿಸಿ.